ಮೆಲ್ಲಗೆ ಅಂದರೆ ನಿಧಾನವಲ್ಲ

ಓದುಗರ ಪ್ರಶ್ನೆ, ವಿಯೋಲಾ ವಾದಕಿಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪುಟಗಳಲ್ಲಿ ಅಚ್ಚಾಗಿರುವ ಇಟಾಲಿಯನ್ ಮಾತುಗಳನ್ನು ಕುರಿತವು. ಮೂವತ್ತು ವರ್ಷ ಆರ್ಕೆಸ್ಟ್ರಾದ ವಿಯೋಲಾ (ವಯಲಿನ್‌ಗಿಂತ ತುಸು ದೊಡ್ಡ, ತಗ್ಗಿನ ದನಿಯ ತಂತಿವಾದ್ಯ) ಸಾಲಿನಲ್ಲಿ ಕೂತು, ಸ್ಟ್ಯಾಂಡಿನ ಅಂಚಿಗೆ ಒಂದು ಪೆನ್ಸಿಲ್ ಇಟ್ಟುಕೊಂಡೇ ನುಡಿಸಿದವಳು ನಾನು. ಈ ಮಾತುಗಳ ಅರ್ಥ ನನಗೆ ನಿಘಂಟಿಗಿಂತ ಹೆಚ್ಚಾಗಿ ಕೈಯಿಂದಲೇ ತಿಳಿದದ್ದು. ಹಾಗಾಗಿ ಉತ್ತರಗಳೂ ಕೈಯ ಕಡೆಯಿಂದಲೇ ಬರುತ್ತವೆ.

ಮೇಡಂ, ನನ್ನ ಮಗಳಿಗೆ ಒಂಬತ್ತು ವರ್ಷ, ಪಿಯಾನೋ ಕಲಿಯುತ್ತಿದ್ದಾಳೆ. ಪುಸ್ತಕದಲ್ಲಿ ‘ಪಿ’ ಎಂಬ ಅಕ್ಷರ ಬಂದ ಕಡೆಯೆಲ್ಲ ನಿಧಾನವಾಗುತ್ತಾಳೆ, ‘ಎಫ್’ ಬಂದ ಕಡೆ ಓಡುತ್ತಾಳೆ. ಟೀಚರ್ ಎಷ್ಟು ಹೇಳಿದರೂ ತಿದ್ದಿಕೊಳ್ಳುತ್ತಿಲ್ಲ. ನನಗೆ ಸಂಗೀತ ಬರುವುದಿಲ್ಲ. ಮನೆಯಲ್ಲಿ ನಾನು ಏನಾದರೂ ಮಾಡಬಹುದೇ?

ಖಂಡಿತ ಮಾಡಬಹುದು, ಅದಕ್ಕೆ ನಿಮಗೆ ಸಂಗೀತ ಬರಬೇಕಾಗಿಲ್ಲ. ಮೊದಲು ಮಗಳ ಮೇಲಿನ ಆರೋಪ ಹಿಂದಕ್ಕೆ ತಗೊಳ್ಳಿ. ಅವಳು ತಪ್ಪಿದ್ದು ಗಮನ ಇಲ್ಲದೆ ಅಲ್ಲ. ಅವಳಿಗೆ ಯಾರೋ ‘ಪಿ ಅಂದರೆ ಮೆಲ್ಲಗೆ, ಎಫ್ ಅಂದರೆ ಜೋರಾಗಿ’ ಎಂದು ಕನ್ನಡದಲ್ಲಿ ಹೇಳಿಕೊಟ್ಟಿರುತ್ತಾರೆ. ಈಗ ನಮ್ಮ ಮಾತನ್ನೇ ಕೇಳಿ ನೋಡಿ. ‘ಮೆಲ್ಲಗೆ ಮಾತಾಡು’ ಅಂದರೆ ದನಿ ತಗ್ಗಿಸು. ‘ಮೆಲ್ಲಗೆ ನಡಿ’ ಅಂದರೆ ನಿಧಾನವಾಗಿ ಹೋಗು. ‘ಜೋರಾಗಿ ಕೂಗು’, ‘ಜೋರಾಗಿ ಓಡು’. ಒಂದೇ ಪದ ಎರಡೂ ಕೆಲಸ ಮಾಡುತ್ತದೆ. ಮಗು ಪದವನ್ನು ಪೂರ್ತಿ ನಂಬಿ, ಎರಡನ್ನೂ ನುಡಿಸುತ್ತಿದೆ.

ಇಟಾಲಿಯನ್ ಭಾಷೆಯಲ್ಲೂ ಇದೇ ಕಥೆ. ‘ಪಿ’ ಎಂಬುದು ‘ಪಿಯಾನೋ’ ಪದದ, ‘ಎಫ್’ ಎಂಬುದು ‘ಫೋರ್ಟೆ’ ಪದದ ಮೊದಲ ಅಕ್ಷರ. ‘ಪಿಯಾನೋ’ ಅಂದರೆ ಅವರ ಮನೆಮಾತಿನಲ್ಲಿ ತಗ್ಗಿದ ದನಿಯೂ ಹೌದು, ನಿಧಾನವೂ ಹೌದು. ಆದರೆ ಸ್ವರಲಿಪಿಯ ಪುಟಕ್ಕೆ ಬಂದಾಗ ಅದು ಒಂದೇ ಅರ್ಥಕ್ಕೆ ನಿಂತಿತು: ಸದ್ದು ಕಡಿಮೆ. ‘ಫೋರ್ಟೆ’ ಅಂದರೆ ಸದ್ದು ಹೆಚ್ಚು. ವೇಗದ ಮಾತಿಗೂ ಇವಕ್ಕೂ ಸಂಬಂಧವೇ ಇಲ್ಲ. ವೆನಿಸ್ಸಿನ ಜೊವಾನಿ ಗಾಬ್ರಿಯೇಲಿ 1597ರಲ್ಲಿ ಅಚ್ಚು ಹಾಕಿಸಿದ ಒಂದು ಕೃತಿಯ ಹೆಸರೇ ‘ಸೊನಾಟಾ ಪಿಯಾನ್ ಎ ಫೋರ್ಟೆ’. ಎದುರುಬದುರು ನಿಂತ ಎರಡು ವಾದ್ಯ ತಂಡಗಳು ಬಿಡಿಯಾಗಿ ನುಡಿಸುವಾಗ ಪಿಯಾನ್, ಎರಡೂ ಕೂಡಿದಾಗ ಫೋರ್ಟೆ. ತಾಳ ಮಾತ್ರ ಎಲ್ಲರಿಗೂ ಒಂದೇ. ನಿಮ್ಮ ಮನೆಯ ವಾದ್ಯದ ಹೆಸರೂ ಇಲ್ಲಿಂದಲೇ ಬಂದದ್ದು. ಸುಮಾರು 1700ರಲ್ಲಿ ಫ್ಲಾರೆನ್ಸಿನ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ, ಬೆರಳು ಮೆತ್ತಗೆ ಬಿದ್ದರೆ ಮೆತ್ತಗೆ, ಒತ್ತಿ ಬಿದ್ದರೆ ಗಟ್ಟಿಯಾಗಿ ದನಿ ಕೊಡುವ ಕೀಲಿಮಣೆ ವಾದ್ಯ ಮಾಡಿದ. ಅದನ್ನು ‘ಪಿಯಾನೋ ಮತ್ತು ಫೋರ್ಟೆ ಇರುವ ವಾದ್ಯ’ ಎಂದು ಕರೆದರು. ಹೆಸರು ಸವೆದು ಪಿಯಾನೋ ಉಳಿಯಿತು. ಮಗಳಿಗೆ ಈ ಕಥೆ ಹೇಳಿ, ಅವಳಿಗೆ ಹಿಡಿಸುತ್ತದೆ.

ಈಗ ಅಭ್ಯಾಸ. ಇಬ್ಬರೂ ಕೋಣೆಯಲ್ಲಿ ನಡೆಯಿರಿ, ಹೆಜ್ಜೆಗೊಂದು ಎಣಿಕೆ: ಒಂದು, ಎರಡು, ಮೂರು, ನಾಕು. ನಾಲ್ಕು ಹೆಜ್ಜೆ ಗಟ್ಟಿಯಾಗಿ ಎಣಿಸಿ, ಮುಂದಿನ ನಾಲ್ಕನ್ನು ಪಿಸುಮಾತಿನಲ್ಲಿ ಎಣಿಸಿ. ಪಿಸುಗುಡುವಾಗ ಕಾಲು ತಾನಾಗಿಯೇ ಹಿಂಜರಿಯುವುದನ್ನು ನೀವೇ ಗಮನಿಸುತ್ತೀರಿ, ದೊಡ್ಡವರಿಗೂ ಆಗುತ್ತದೆ. ಕಾಲು ಹಿಂಜರಿಯದ ತನಕ ಮಾಡಿ. ಆಮೇಲೆ ಅವಳು ಪಿಯಾನೋ ಮುಂದೆ ಕೂತು ತನ್ನ ಪಾಠದ ನಾಲ್ಕು ಬಾರ್ (ಎಣಿಕೆಯ ಒಂದೊಂದು ಸುತ್ತು ಒಂದು ಬಾರ್) ನುಡಿಸಲಿ, ನೀವು ಪಕ್ಕದಲ್ಲಿ ನಡೆಯುತ್ತಿರಿ. ಅವಳು ನಿಮ್ಮ ಹೆಜ್ಜೆಗೆ ಹೊಂದಬೇಕು. ಮತ್ತೆ, ದಯವಿಟ್ಟು ‘ಮೆಲ್ಲಗೆ’ ಎಂಬ ಪದವನ್ನು ಸಂಗೀತದ ಹೊತ್ತಿನಲ್ಲಿ ಬಳಸಬೇಡಿ. ಸದ್ದಿಗೆ ‘ತಗ್ಗಿಸಿ, ಎತ್ತರಿಸಿ’, ವೇಗಕ್ಕೆ ‘ನಿಧಾನ, ಬೇಗ’ ಅನ್ನಿ. ನನ್ನ ಶಿಷ್ಯರಲ್ಲಿ ಅರ್ಧ ತೊಂದರೆ ಇಷ್ಟರಿಂದಲೇ ಹೋಗಿದೆ.

ಇನ್ನೊಂದು ಮಾತು. ಪಿ ಎಂದರೆ ಇಷ್ಟೇ ಸದ್ದು ಎಂಬ ಅಳತೆ ಎಲ್ಲೂ ಇಲ್ಲ. ಅಕ್ಕಪಕ್ಕ ಏನಿದೆ ಎಂಬುದರ ಮೇಲೆ ಅದು ನಿಂತಿದೆ. ಪಿ ಹೆಚ್ಚಿದಷ್ಟೂ ಸದ್ದು ಇನ್ನೂ ಕಡಿಮೆ. ರಷ್ಯಾದ ಸಂಗೀತಕಾರ ಚೈಕೋವ್‌ಸ್ಕಿ 1893ರ ತನ್ನ ಆರನೇ ಸಿಂಫೊನಿಯ (ಇಡೀ ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ) ಮೊದಲ ಭಾಗದಲ್ಲಿ, ಮಂದ್ರ ದನಿಯ ಊದುವ ವಾದ್ಯವಾದ ಬಸೂನಿನ ನಾಲ್ಕು ಸ್ವರಗಳ ಕೆಳಗೆ ಆರು ಪಿ ಬರೆದಿದ್ದಾನೆ. ಬಸೂನಿಗೆ ಆ ಕೆಳಗಿನ ಸ್ವರಗಳನ್ನು ಅಷ್ಟು ಸಣ್ಣಗೆ ಊದುವುದು ಬಹಳ ಕಷ್ಟ. ಎಷ್ಟೋ ಕಂಡಕ್ಟರುಗಳು ಆ ನಾಲ್ಕು ಸ್ವರಗಳನ್ನು ಬಾಸ್ ಕ್ಲಾರಿನೆಟ್ಟಿಗೆ ಕೊಟ್ಟುಬಿಡುತ್ತಾರೆ. ಆ ಸದ್ದು ಇದೆಯೋ ಇಲ್ಲವೋ ಅನ್ನುವಾಗ ಇಡೀ ಆರ್ಕೆಸ್ಟ್ರಾ ಒಮ್ಮೆಲೇ ಫೋರ್ಟಿಸ್ಸಿಮೋದಲ್ಲಿ, ಅಂದರೆ ಬಹಳ ಗಟ್ಟಿಯಾಗಿ, ಬಂದು ಬೀಳುತ್ತದೆ. ಆ ಹೊಡೆತಕ್ಕಾಗಿಯೇ ಆರು ಪಿ. ವಿಯೋಲಾ ಸಾಲಿನಲ್ಲಿ ಕಮಾನು ತಂತಿಯ ಮೇಲಿಟ್ಟುಕೊಂಡು, ಆ ನಾಲ್ಕು ಸ್ವರ ಇಳಿಯುವುದನ್ನು ಕೇಳುತ್ತ ಕಾಯುವಾಗ ನನ್ನ ಉಸಿರು ಪ್ರತಿ ಸಲವೂ ನಿಂತಿದೆ.

ಕಛೇರಿಯ ಕಾರ್ಯಕ್ರಮ ಪತ್ರದಲ್ಲಿ ‘ಆಂಡಾಂಟೆ’ ಎಂದಿತ್ತು. ನಿಧಾನ ಎಂದುಕೊಂಡು ಕೂತೆ, ಸಾಕಷ್ಟು ಚುರುಕಾಗಿಯೇ ನುಡಿಸಿದರು. ಅಡಾಜಿಯೋ, ಆಂಡಾಂಟೆ, ಅಲೆಗ್ರೋ ಅಂದರೆ ನಮ್ಮ ವಿಳಂಬ, ಮಧ್ಯ, ದ್ರುತ ಕಾಲಗಳೇ ತಾನೆ?

ಅಲ್ಲ. ನಮ್ಮಲ್ಲಿ ಒಂದನೇ ಕಾಲ, ಎರಡನೇ ಕಾಲ ಎಂದರೆ ಲೆಕ್ಕ. ಎರಡನೆಯದು ಒಂದನೆಯದರ ಸರಿಯಾಗಿ ಇಮ್ಮಡಿ. ಇಟಾಲಿಯನ್ ಪದಗಳ ನಡುವೆ ಅಂಥ ಲೆಕ್ಕ ಇಲ್ಲ. ಅವು ಮೂಲದಲ್ಲಿ ವೇಗದ ಪದಗಳೂ ಅಲ್ಲ. ಆಂಡಾಂಟೆ ಅಂದರೆ ‘ನಡೆಯುತ್ತಾ’. ಅಡಾಜಿಯೋ ಅಂದರೆ ‘ಆರಾಮವಾಗಿ’. ಲಾರ್ಗೋ ಅಂದರೆ ‘ಅಗಲವಾಗಿ’. ಅಲೆಗ್ರೋ ಅಂದರೆ ‘ಉಲ್ಲಾಸದಿಂದ’. ನೀವು ಕೇಳಿದವರು ಚೆನ್ನಾಗಿಯೇ ನಡೆದಿದ್ದಾರೆ ಅನ್ನಿಸುತ್ತದೆ. ನಡಿಗೆಯಲ್ಲಿ ನಿಲ್ಲುವ ಸ್ವಭಾವ ಇಲ್ಲ, ಮುಂದೆ ಸಾಗುವ ಸ್ವಭಾವ ಇದೆ. ಆಂಡಾಂಟೆಯನ್ನು ಎಳೆದು ಎಳೆದು ನುಡಿಸುವವರ ಮೇಲೆ ನನಗೆ ನಿಜಕ್ಕೂ ಬೇಸರ ಬರುತ್ತದೆ.

ಈ ಗೊಂದಲ ಜರ್ಮನ್ ಸಂಗೀತಕಾರ ಬೇತೊವೆನ್‌ಗೂ ಇತ್ತು ಎಂದರೆ ನಿಮಗೆ ಸಮಾಧಾನ ಆದೀತು. ‘ಆಂಡಾಂಟಿನೋ’ ಎಂದರೆ ‘ಚಿಕ್ಕ ಆಂಡಾಂಟೆ’. ಆಂಡಾಂಟೆಗಿಂತ ಬೇಗವೋ, ನಿಧಾನವೋ? ಎಡಿನ್‌ಬರೋದ ಪ್ರಕಾಶಕ ಜಾರ್ಜ್ ಥಾಮ್ಸನ್‌ಗೆ 1813ರಲ್ಲಿ ಬರೆದ ಕಾಗದದಲ್ಲಿ ಅವನೇ ಈ ಸಂದೇಹ ಎತ್ತಿದ್ದಾನೆ. ಇವತ್ತು ಸಾಮಾನ್ಯವಾಗಿ ಆಂಡಾಂಟೆಗಿಂತ ಸ್ವಲ್ಪ ಬೇಗ ಎಂದು ಹಿಡಿಯುತ್ತಾರೆ. ಹಳೆಯ ಕೃತಿಗಳಲ್ಲಿ ಅದು ತಿರುವುಮುರುವಾಗಿಯೂ ಇರುತ್ತದೆ. 1817ರ ಇನ್ನೊಂದು ಕಾಗದದಲ್ಲಿ ಬೇತೊವೆನ್ ಅಲೆಗ್ರೋ ಪದದ ಮೇಲೆಯೇ ಸಿಡುಕಿದ್ದಾನೆ. ಉಲ್ಲಾಸ ಎಂಬ ಅರ್ಥದ ಪದವನ್ನು, ಉಲ್ಲಾಸವೇ ಇಲ್ಲದ ಸಂಗೀತದ ನೆತ್ತಿಗೆ ಬರೆಯುವುದು ಅವನಿಗೆ ಅಸಂಬದ್ಧವಾಗಿ ಕಂಡಿತ್ತು. ಆ ಹೊತ್ತಿಗೆ ತಾಳ ಬಡಿದು ತೋರಿಸುವ ಯಂತ್ರ, ಮೆಟ್ರೊನೊಮ್, ಬಂದಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಂಕೆಲ್ ಎಂಬಾತ 1814ರಲ್ಲಿ ಕಂಡುಹಿಡಿದ ತತ್ವವನ್ನು ಬಳಸಿಕೊಂಡು ಮೆಲ್ಜೆಲ್ ಮರುವರ್ಷ ತನ್ನ ಹೆಸರಿನಲ್ಲಿ ಪೇಟೆಂಟ್ ಮಾಡಿಸಿಕೊಂಡಿದ್ದ. ನಿಮಿಷಕ್ಕೆ ಇಷ್ಟು ಬಡಿತ ಎಂದು ಸಂಖ್ಯೆಯಲ್ಲಿ ಹೇಳಬಹುದು ಎಂದಾಯಿತು. ಬೇತೊವೆನ್ 1817ರಲ್ಲಿ ಅಲ್ಲಿಯವರೆಗೆ ಬರೆದಿದ್ದ ತನ್ನ ಎಂಟು ಸಿಂಫೊನಿಗಳಿಗೂ ಸಂಖ್ಯೆ ಪ್ರಕಟಿಸಿದ.

ಅಲ್ಲಿಗೆ ಜಗಳ ಮುಗಿಯಲಿಲ್ಲ. ಓಪಸ್ 106 (ಓಪಸ್ ಅಂದರೆ ಕೃತಿಯ ಕ್ರಮಸಂಖ್ಯೆ) ಎಂಬ ಪಿಯಾನೋ ಸೊನಾಟಾದ ಮೊದಲ ಭಾಗಕ್ಕೆ ಅವನು ಅರ್ಧಸ್ವರಕ್ಕೆ, ಅಂದರೆ ಬಾರಿನ ಅರ್ಧದಷ್ಟು ಉದ್ದದ ಸ್ವರಕ್ಕೆ, ನಿಮಿಷಕ್ಕೆ 138 ಎಂದು ಬರೆದ. ಪಿಯಾನೋ ವಾದಕರು ಇವತ್ತಿಗೂ ಆ ಸಂಖ್ಯೆಯ ಬಗ್ಗೆ ವಾದ ಮಾಡುತ್ತಾರೆ, ಹೆಚ್ಚಿನವರು ಅದಕ್ಕಿಂತ ನಿಧಾನವಾಗಿಯೇ ನುಡಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಸಂಖ್ಯೆ ಮತ್ತು ಪದ ಎರಡನ್ನೂ ಒಟ್ಟಿಗೆ ಓದಬೇಕು. ಸಂಖ್ಯೆ ಕಾಲಿಗೆ, ಪದ ಮನಸ್ಸಿಗೆ. ಪದದ ಬಾಲವನ್ನೂ ಬಿಡಬಾರದು. ‘ಮಾ ನೋನ್ ತ್ರೊಪ್ಪೊ’ ಎಂದರೆ ‘ಆದರೆ ಅತಿಯಾಗಿ ಬೇಡ’. ‘ಕಾನ್ ಮೋಟೊ’ ಎಂದರೆ ‘ಚಲನೆಯೊಡನೆ’. ನೀವು ಕೇಳಿದ್ದು ‘ಆಂಡಾಂಟೆ ಕಾನ್ ಮೋಟೊ’ ಇದ್ದೀತು. ಕಾರ್ಯಕ್ರಮ ಪತ್ರ ಇನ್ನೂ ಇದ್ದರೆ ನೋಡಿ.

ನಲವತ್ತು ದಾಟಿದ ಮೇಲೆ ಪಿಯಾನೋ ಕಲಿಯುತ್ತಿದ್ದೇನೆ. ಬೇತೊವೆನ್‌ನ ‘ಮೂನ್‌ಲೈಟ್’ ಸೊನಾಟಾದ ತಲೆಯ ಮೇಲೆ ‘ಸೆಂಜಾ ಸೊರ್ಡಿನೊ’ ಎಂದಿದೆ. ಪಿಟೀಲು ನುಡಿಸುವ ಗೆಳೆಯರು ‘ಮ್ಯೂಟ್ ಇಲ್ಲದೆ’ ಎಂದು ಅರ್ಥ ಹೇಳಿದರು. ಪಿಯಾನೋಗೆ ಮ್ಯೂಟ್ ಎಲ್ಲಿಂದ ಬಂತು?

ನಿಮ್ಮ ಗೆಳೆಯರು ಹೇಳಿದ್ದು ಅವರ ವಾದ್ಯಕ್ಕೆ ಸರಿ. ನಮ್ಮ ವಿಯೋಲಾಕ್ಕೂ ಅದೇ. ಸೊರ್ಡಿನೊ ಎಂದರೆ ಬಾಚಣಿಗೆಯ ತುಂಡಿನಂಥ ಪುಟ್ಟ ವಸ್ತು, ಅದನ್ನು ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ ಸಿಕ್ಕಿಸಿದರೆ ದನಿಗೆ ಮುಸುಕು ಹಾಕಿದಂತಾಗುತ್ತದೆ. ‘ಕಾನ್ ಸೊರ್ಡಿನೊ’ ಅಂದರೆ ಹಾಕು, ‘ಸೆಂಜಾ’ ಅಂದರೆ ತೆಗೆ.

ಪಿಯಾನೋದಲ್ಲಿ ಆ ಪದದ ಅರ್ಥ ತಿಳಿಯಲು ಮುಚ್ಚಳ ಎತ್ತಿ ಒಳಗೆ ನೋಡಬೇಕು. ಸಾಲಾಗಿ ತಂತಿಗಳು, ತಂತಿಗಳ ಮೇಲೆ ಒಂದೊಂದು ಸಣ್ಣ ಫೆಲ್ಟಿನ ದಿಂಡು ಕೂತಿರುತ್ತದೆ. ಅದೇ ಡ್ಯಾಂಪರ್. ಒಂದು ಕೀಯನ್ನು ಒತ್ತಿ ಹಿಡಿಯಿರಿ, ಆ ತಂತಿಯ ಡ್ಯಾಂಪರ್ ಮೇಲೇಳುತ್ತದೆ. ಬಿಟ್ಟರೆ ಇಳಿದು ದನಿಯನ್ನು ನಿಲ್ಲಿಸುತ್ತದೆ. ಈಗ ಬಲಗಡೆಯ ಪೆಡಲ್ ತುಳಿಯಿರಿ: ಇಡೀ ಸಾಲು ಒಮ್ಮೆಗೇ ಮೇಲೆದ್ದು ನಿಲ್ಲುತ್ತದೆ. ಬೇತೊವೆನ್ ‘ಸೊರ್ಡಿನೊ’ ಎಂದದ್ದು ಈ ಡ್ಯಾಂಪರುಗಳಿಗೆ. ‘ಸೆಂಜಾ ಸೊರ್ಡಿನೊ’ ಎಂದರೆ ಡ್ಯಾಂಪರ್ ಇಲ್ಲದೆ, ಅಂದರೆ ಪೆಡಲ್ ಹಾಕಿಕೊಂಡು. ದನಿ ತಗ್ಗಿಸುವ ಎಡ ಪೆಡಲ್ ಬಿಡಬೇಕು ಎಂದುಕೊಂಡವರನ್ನೂ, ಯಾವ ಪೆಡಲ್ಲೂ ಇಲ್ಲದೆ ಒಣಒಣವಾಗಿ ನುಡಿಸಿದವರನ್ನೂ ನಾನು ಕಂಡಿದ್ದೇನೆ. ಇಬ್ಬರೂ ಪುಟ ಹೇಳಿದ್ದನ್ನು ಬಿಟ್ಟು ಬೇರೆಯೇ ಮಾಡುತ್ತಿದ್ದರು.

ಆ ಸಾಲಿನ ಪೂರ್ತಿ ಅರ್ಥ: ಈ ಭಾಗವನ್ನು ಮೊದಲಿಂದ ಕೊನೆತನಕ ಅತ್ಯಂತ ನವಿರಾಗಿ, ಡ್ಯಾಂಪರ್ ಇಲ್ಲದೆ ನುಡಿಸಬೇಕು. ಅಂದರೆ ಪೆಡಲ್ ಬದಲಿಸದೆ? 1801ರ ವಿಯೆನ್ನಾದ ಪಿಯಾನೋಗಳಲ್ಲಿ ಅದು ನಡೆಯುತ್ತಿತ್ತು. ಅವುಗಳಲ್ಲಿ ಡ್ಯಾಂಪರ್ ಎತ್ತಲು ಮೊಣಕಾಲಿನಿಂದ ಒತ್ತುವ ಸನ್ನೆಗೋಲು ಇರುತ್ತಿತ್ತು, ತಂತಿಯ ದನಿ ಬೇಗ ಆರುತ್ತಿತ್ತು. ಹಿಂದಿನ ಸ್ವರ ಮಸುಕಾಗುವ ಹೊತ್ತಿಗೆ ಮುಂದಿನದು ಬರುತ್ತಿತ್ತು, ಒಂದರ ಮೇಲೊಂದು ತೆಳುವಾಗಿ ಹರಡುತ್ತಿತ್ತು. ನಿಮ್ಮ ಪಿಯಾನೋದ ದನಿ ದಪ್ಪ, ಬಹಳ ಹೊತ್ತು ಉಳಿಯುತ್ತದೆ. ಅದರಲ್ಲಿ ಕೊನೆತನಕ ತುಳಿದೇ ಇದ್ದರೆ ಎಲ್ಲ ಕಲಸಿಹೋಗುತ್ತದೆ. ಪೆಡಲನ್ನು ಅರ್ಧಕ್ಕೆ ತುಳಿಯಿರಿ, ಎಡಗೈಯ ಮಂದ್ರ ಸ್ವರ ಬದಲಾದಾಗ ಸ್ವಲ್ಪ ಎತ್ತಿ ಮತ್ತೆ ಅರ್ಧಕ್ಕೆ ಇಳಿಸಿ. ಪೂರ್ತಿ ಎತ್ತಬೇಡಿ. ಹಿಂದಿನ ದನಿಯ ಒಂದಿಷ್ಟು ನೆರಳು ಉಳಿಯಬೇಕು, ಅವನು ಕೇಳಿದ್ದು ಆ ನೆರಳನ್ನೇ.

ಇನ್ನು, ಅಲ್ಲಿ ‘ಅಡಾಜಿಯೋ ಸೊಸ್ಟೆನೂಟೊ’ ಎಂದು ಓದಿ ತೀರಾ ಎಳೆಯುತ್ತಿದ್ದೀರೇನೋ. ಪಕ್ಕದಲ್ಲಿ ‘ಸಿ’ ಅಕ್ಷರದ ನಡುವೆ ಒಂದು ಉದ್ದಗೆರೆ ಹಾಯ್ದಿದೆ, ನೋಡಿ. ಅದು ‘ಆಲ್ಲಾ ಬ್ರೇವೆ’, ಬಾರಿಗೆ ನಾಲ್ಕರ ಬದಲು ಎರಡೇ ಎಣಿಕೆ. ಅರ್ಧಸ್ವರಕ್ಕೆ ಒಂದು ಹೆಜ್ಜೆ ಇಟ್ಟು ನೋಡಿ, ಮೂರುಮೂರಾಗಿ ಬರುವ ಆ ಸ್ವರಗಳು ತಾವೇ ಹರಿಯತೊಡಗುತ್ತವೆ.

ಆಂಟಿ, ನನಗೆ ಹದಿನಾಲ್ಕು ವರ್ಷ. ನಮ್ಮ ಸ್ಕೂಲ್ ಆರ್ಕೆಸ್ಟ್ರಾದಲ್ಲಿ ನಾನೊಬ್ಬನೇ ವಿಯೋಲಾ. ವಿವಾಲ್ಡಿಯ ‘ವಸಂತ’ದ ಎರಡನೇ ಭಾಗದಲ್ಲಿ ವಯಲಿನ್‌ಗಳಿಗೆ ಪಿಯಾನಿಸ್ಸಿಮೋ (ಬಹಳ ತಗ್ಗಿಸಿ), ನನಗೆ ಮಾತ್ರ ತುಂಬ ಫೋರ್ಟೆ ಎಂದಿದೆ. ಪ್ರಿಂಟಿಂಗ್ ಮಿಸ್ಟೇಕಾ? ಜೋರಾಗಿ ನುಡಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ.

ತಿರುಗಿ ನೋಡಲಿ ಕಂದ. ಮಿಸ್ಟೇಕ್ ಅಲ್ಲ, ನೀನು ನಾಯಿ.

1725ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ, ‘ವಸಂತ’ ಸೇರಿದ ‘ನಾಲ್ಕು ಋತುಗಳು’ ಎಂಬ ಕೃತಿಗಳ ಜೊತೆಗೆ ನಾಲ್ಕು ಪದ್ಯಗಳೂ ಇದ್ದವು. ಪದ್ಯದಲ್ಲಿ ಏನಾಗುತ್ತಿದೆಯೋ ಅದನ್ನು ವಿವಾಲ್ಡಿ ಸ್ವರಗಳ ಮೇಲೆಯೇ ಬರೆದಿದ್ದಾನೆ. ಈ ಭಾಗದಲ್ಲಿ ಹೂ ಬಿಟ್ಟ ಹುಲ್ಲುಗಾವಲಿನಲ್ಲಿ ಮೇಕೆ ಕಾಯುವವನೊಬ್ಬ ಮಲಗಿದ್ದಾನೆ, ಪಕ್ಕದಲ್ಲಿ ಅವನ ನಂಬಿಕೆಯ ನಾಯಿ. ಒಂಟಿ ವಯಲಿನ್ ಆ ಮಲಗಿದವನು. ಉಳಿದ ವಯಲಿನ್‌ಗಳು ಎಲೆಗಳ ಸರಸರ ಸದ್ದು, ಅದಕ್ಕೇ ಪಿಯಾನಿಸ್ಸಿಮೋ. ನಿನ್ನ ಪಾರ್ಟಿನ, ಅಂದರೆ ನಿನ್ನ ವಾದ್ಯದ ಪುಟದ, ಮೇಲೆ ‘ಬೊಗಳುವ ನಾಯಿ’ ಎಂದಿದೆ, ಜೊತೆಗೆ ‘ಯಾವಾಗಲೂ ಬಹಳ ಫೋರ್ಟೆ, ಸ್ಟ್ರಾಪ್ಪಾಟೊ’ ಎಂದಿದೆ. ಸ್ಟ್ರಾಪ್ಪಾಟೊ ಎಂದರೆ ಕಿತ್ತಂತೆ, ಹರಿದಂತೆ. ಬಾರಿಗೆ ಎರಡು ಸ್ವರ: ಬೌ, ಬೌ. ಚೆಲ್ಲೊ, ಬಾಸ್ ಈ ಭಾಗದಲ್ಲಿ ಸುಮ್ಮನಿರುತ್ತವೆ. ಹಾಗಾಗಿ ಎಲ್ಲರಿಗಿಂತ ಕೆಳಗಿನ ದನಿ ನಿನ್ನದೇ.

ಕಮಾನಿನ ಬುಡದ ಹತ್ತಿರ, ಕೂದಲು ತಂತಿಗೆ ಚೆನ್ನಾಗಿ ಕಚ್ಚಿಕೊಳ್ಳಲಿ. ಮೊದಲು ಒತ್ತಡ ಕೊಡು, ಆಮೇಲೆ ಎಳೆ, ತಕ್ಷಣ ಬಿಡು. ಸ್ವರದ ಶುರುವಿನಲ್ಲಿ ‘ಕ್’ ಎಂಬ ವ್ಯಂಜನ ಕೇಳಬೇಕು. ಎರಡನೇ ಸ್ವರ ಆದ ಕೂಡಲೇ ಕಮಾನು ಮೇಲೆತ್ತಿ ಜಾಗಕ್ಕೆ ವಾಪಸು ತಾ. ನಾನು ಇದನ್ನು ಮೊದಲ ಸಲ ನುಡಿಸಿದ್ದು ನಿನ್ನಷ್ಟೇ ವಯಸ್ಸಿನಲ್ಲಿ. ಸಂಕೋಚಕ್ಕೆ ತಗ್ಗಿಸಿ ನುಡಿಸಿದೆ. ನಮ್ಮ ಗುರುಗಳು ನಿಲ್ಲಿಸಿ, ಪದ್ಯವನ್ನು ಓದಿ, ‘ನೀನು ಎಚ್ಚರ ಇರೋದರಿಂದ ತಾನೇ ಅವನು ನಿದ್ದೆ ಮಾಡ್ತಿರೋದು’ ಅಂದರು. ಅವತ್ತಿನಿಂದ ನಾನು ಆ ನಾಯಿಯನ್ನು ಕಾವಲುಗಾರ ಎಂದೇ ನುಡಿಸಿದ್ದೇನೆ. ನಿಮ್ಮ ಕಂಡಕ್ಟರ್ ಸ್ವಲ್ಪ ತಗ್ಗಿಸು ಎಂದರೆ ತಗ್ಗಿಸು, ಬಹಳ ಜನ ಹಾಗೆ ಕೇಳುತ್ತಾರೆ. ಆದರೆ ಆ ‘ಕ್’ ಮಾತ್ರ ಬಿಟ್ಟುಕೊಡಬೇಡ.

ಆರ್ಕೆಸ್ಟ್ರಾ ಪಾರ್ಟಿನಲ್ಲಿ ಕಾಣುವ ಟ್ಯಾಸೆಟ್, ವಿ.ಎಸ್., ಡಿ.ಸಿ. ಆಲ್ ಫಿನೆ, ಅಟ್ಟಾಕ್ಕಾ ಇವುಗಳ ಅರ್ಥ ಬೇಗ ಹೇಳಿಬಿಡಿ. ಹೊಸದಾಗಿ ಒಂದು ತಂಡ ಸೇರಿದ್ದೇನೆ.

ಟ್ಯಾಸೆಟ್: ಈ ಭಾಗ ಪೂರ್ತಿ ನೀವು ಸುಮ್ಮನಿರಬೇಕು. ಬೇತೊವೆನ್‌ನ ಐದನೇ ಸಿಂಫೊನಿಯಲ್ಲಿ ಟ್ರಾಂಬೋನಿನವರು ಮೂರು ಭಾಗ ಹೀಗೆ ಕೂತು ನಾಲ್ಕನೆಯದಕ್ಕೆ ಬರುತ್ತಾರೆ. ವಿ.ಎಸ್.: ಪುಟ ಬೇಗ ತಿರುಗಿಸಿ. ಒಂದು ಸ್ಟ್ಯಾಂಡಿಗೆ ಇಬ್ಬರಿದ್ದರೆ ಅದು ಒಳಗಡೆ ಕೂತವರ ಕೆಲಸ. ಅಟ್ಟಾಕ್ಕಾ: ನಿಲ್ಲಿಸದೆ ಮುಂದಿನ ಭಾಗಕ್ಕೆ ಹೋಗಿ.

ಡಿ.ಸಿ. ಆಲ್ ಫಿನೆ: ಮೊದಲಿಂದ ಶುರುಮಾಡಿ ‘ಫಿನೆ’ ಎಂದು ಬರೆದಲ್ಲಿ ಮುಗಿಸಿ. ಇದರಲ್ಲಿ ಅಚ್ಚಾಗದ ಒಂದು ರೂಢಿ ಇದೆ. ಮಿನುಯೆಟ್ ಎಂಬ ನೃತ್ಯದ ಭಾಗದಂಥದ್ದರಲ್ಲಿ ಹೀಗೆ ಹಿಂದಕ್ಕೆ ಹೋದಾಗ, ಎರಡೆರಡು ಸಲ ನುಡಿಸಬೇಕಾದ ಗುರುತುಗಳಿದ್ದರೂ ಸಾಮಾನ್ಯವಾಗಿ ಒಂದೇ ಸಲ ನುಡಿಸುತ್ತಾರೆ. ನನ್ನ ಮೊದಲ ವರ್ಷದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಕಛೇರಿಯ ನಡುವೆ ಎಲ್ಲರೂ ಮುಂದೆ ಹೋದರು, ನಾನೊಬ್ಬಳು ಎಂಟು ಬಾರ್ ಹಿಂದಕ್ಕೆ ಹೋದೆ. ಮರುದಿನದಿಂದ ಪೆನ್ಸಿಲ್ ನನ್ನ ಕೈಬಿಟ್ಟಿಲ್ಲ. ರಿಹರ್ಸಲಿನಲ್ಲೇ ಕೇಳಿ ಗುರುತು ಹಾಕಿಕೊಳ್ಳಿ. ಪುಟದ ಮೇಲೆ ಯಾರೋ ಹಿಂದಿನವರು ಪೆನ್ಸಿಲಿನಲ್ಲಿ ಕನ್ನಡಕದ ಚಿತ್ರ ಬರೆದಿದ್ದರೆ ಅಳಿಸಬೇಡಿ: ‘ಇಲ್ಲಿ ಕಂಡಕ್ಟರನ್ನು ನೋಡು’ ಎಂದು ಅವರು ನಿಮಗೆ ಬಿಟ್ಟುಹೋದ ಮಾತು ಅದು.

ಜರ್ಮನ್ ಸಂಗೀತಕಾರ ಶೂಮನ್ ಒಂದು ಪಿಯಾನೋ ಸೊನಾಟಾದಲ್ಲಿ ಮೊದಲು ‘ಸಾಧ್ಯವಾದಷ್ಟು ವೇಗವಾಗಿ’ ಎಂದು ಬರೆದು, ಆಮೇಲೆ ‘ಇನ್ನೂ ವೇಗವಾಗಿ’ ಎಂದಿದ್ದಾನಂತೆ. ಇಂಥ ಸೂಚನೆಗಳನ್ನು ಪಾಲಿಸುವುದಾದರೂ ಹೇಗೆ?

ನಿಜ. ಜಿ ಮೈನರ್ ಸೊನಾಟಾ, ಓಪಸ್ 22. ಶುರುವಿನಲ್ಲಿ ‘ಸಾಧ್ಯವಾದಷ್ಟು ವೇಗ’, ಕೊನೆಯ ಹತ್ತಿರ ‘ಇನ್ನೂ ವೇಗ’, ಅದರಾಚೆ ‘ಮತ್ತೂ ವೇಗ’, ಎಲ್ಲ ಜರ್ಮನ್ ಭಾಷೆಯಲ್ಲಿ. ಗಡಿಯಾರ ಹಿಡಿದು ಓದಿದರೆ ಇದು ಅಸಾಧ್ಯ. ನುಡಿಸುವವರು ಓದುವುದು ಹೀಗೆ: ಶುರುವಿನಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವಷ್ಟು ವೇಗ. ಕೊನೆಯಲ್ಲಿ ಆ ಜಾಗರೂಕತೆಯನ್ನೂ ಕೈಬಿಟ್ಟು ಓಡುವುದು. ಸೂಚನೆ ಬೆರಳಿಗಿಂತ ಹೆಚ್ಚಾಗಿ ಆವೇಗಕ್ಕೆ ಕೊಟ್ಟದ್ದು.

ಇನ್ನೂ ಕಠಿಣವಾದ ಒಂದು ಸೂಚನೆ ನನ್ನ ಮನಸ್ಸಿನಲ್ಲಿ ವರ್ಷಗಳಿಂದ ಕೂತಿದೆ. ಫ್ರೆಂಚ್ ಸಂಗೀತಕಾರ ಡೆಬುಸ್ಸಿಯ 1910ರ ಪಿಯಾನೋ ಪ್ರಿಲ್ಯೂಡ್‌ಗಳಲ್ಲಿ (ಪುಟ್ಟ ಕೃತಿಗಳಲ್ಲಿ) ‘ಹಿಮದ ಮೇಲೆ ಹೆಜ್ಜೆಗಳು’ ಎಂಬುದೊಂದಿದೆ. ಆ ಹೆಸರನ್ನು ಅವನು ಪುಟದ ಕೊನೆಯಲ್ಲಿ ಅಚ್ಚು ಹಾಕಿಸಿದ್ದಾನೆ, ಹೆಸರು ನೋಡಿಕೊಂಡು ನುಡಿಸಬಾರದು ಎನ್ನುವ ಹಾಗೆ. ಶುರುವಿನಲ್ಲಿ ಎರಡೇ ಪುಟ್ಟ ಹೆಜ್ಜೆ: ಡಿ ಯಿಂದ ಇ, ಇ ಯಿಂದ ಎಫ್ (ಇಲ್ಲಿ ಇವು ಸ್ವರಗಳ ಹೆಸರು). ಅದರ ಕೆಳಗೆ ಫ್ರೆಂಚಿನಲ್ಲಿ ಬರೆದಿದ್ದಾನೆ: ಈ ಲಯಕ್ಕೆ, ದುಃಖ ತುಂಬಿ ಹೆಪ್ಪುಗಟ್ಟಿದ ಒಂದು ಭೂದೃಶ್ಯದ ಹಿನ್ನೆಲೆಯಷ್ಟು ನಾದದ ಬೆಲೆ ಇರಬೇಕು.

ಇದು ಎಷ್ಟು ವೇಗ, ಎಷ್ಟು ಸದ್ದು? ವೇಗಕ್ಕೆ ಮೇಲೆ ‘ದುಃಖದಿಂದ, ನಿಧಾನವಾಗಿ’ ಎಂದಿದೆ, ಸದ್ದಿಗೆ ಎರಡು ಪಿ ಇವೆ. ಉಳಿದದ್ದು ನಿಮ್ಮ ಬೆರಳಿಗೆ ಬಿಟ್ಟದ್ದು. ಮನೆಯಲ್ಲಿ ಪಿಯಾನೋ ಇದ್ದರೆ ಬೇರೆ ಏನನ್ನೂ ನುಡಿಸದೆ ಈ ಎರಡು ಹೆಜ್ಜೆಗಳನ್ನೇ ಹತ್ತು ನಿಮಿಷ ನುಡಿಸಿ. ಮೊದಲ ಸ್ವರ ಗಿಡ್ಡ, ಎರಡನೆಯದು ಉದ್ದ. ಕಾಲು ಹಿಮದಲ್ಲಿ ಹೂತು ನಿಂತಂತೆ ಎರಡನೆಯದರ ಮೇಲೆ ಬೆರಳನ್ನು ಇಡಿ. ಯಾವ ತೂಕದಲ್ಲಿ ನಿಮಗೆ ಚಳಿ ಅನ್ನಿಸಿತು ಎಂದು ನನಗೆ ಬರೆಯಿರಿ.